ದೇಶ ಅಳಿದರೂ ಉಳಿದ ಸಾಲ: ಟ್ರಿಯೆಸ್ಟೆಯ ಜೆನೆರಾಲಿ ಕಂಪನಿಯ ಎರಡು ಶತಮಾನ

ಇಟಲಿಯ ಈಶಾನ್ಯ ತುದಿಯಲ್ಲಿ, ಸ್ಲೊವೇನಿಯಾದ ಗಡಿಗೆ ಅಂಟಿಕೊಂಡಂತೆ ಟ್ರಿಯೆಸ್ಟೆ ಎಂಬ ಬಂದರು ನಗರವಿದೆ. 1918ರವರೆಗೆ ಈ ಊರು ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳದು. ಆಮೇಲೆ ಇಟಲಿಯದು. 1943ರಿಂದ ಹಿಟ್ಲರನ ಸೇನೆಯ ಹಿಡಿತ, 1945ರಲ್ಲಿ ನಲವತ್ತು ದಿನ ಟಿಟೊನ ಯುಗೊಸ್ಲಾವ್ ಪಡೆಗಳ ಆಳ್ವಿಕೆ, ಬಳಿಕ ಬ್ರಿಟಿಷ್ ಮತ್ತು ಅಮೆರಿಕನ್ ಸೇನೆಯ ಆಡಳಿತ, 1954ರಲ್ಲಿ ಮತ್ತೆ ಇಟಲಿ. ಒಬ್ಬನೇ ಮನುಷ್ಯ ಮನೆ ಬಿಟ್ಟು ಕದಲದೆ ತನ್ನ ಜೀವಮಾನದಲ್ಲಿ ಇಷ್ಟು ಸರ್ಕಾರಗಳನ್ನು ಕಂಡ ಊರು ಇದು. ಇಷ್ಟೆಲ್ಲ ಬಾವುಟಗಳು ಏರಿ ಇಳಿದರೂ ಇವತ್ತಿಗೂ ಅದೇ ಊರನ್ನೇ ತನ್ನ ಕೇಂದ್ರ ಎಂದು ಬರೆದುಕೊಳ್ಳುವ ಒಂದು ವಿಮಾ ಕಂಪನಿ ಅಲ್ಲಿದೆ. 1831ರ ಡಿಸೆಂಬರ್ 26ರಂದು ಹುಟ್ಟಿದ ಆ ಕಂಪನಿಯ ಹೆಸರು ಅಸಿಕುರಾತ್ಸಿಯೋನಿ ಜೆನೆರಾಲಿ. ಈಗ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಅದರ ವ್ಯವಹಾರ. 2024ರ ಕೊನೆಗೆ ನೌಕರರು ಸುಮಾರು 87,000, ಗ್ರಾಹಕರು ಸುಮಾರು ಏಳು ಕೋಟಿ. 2024ರಲ್ಲಿ ಅದು ಸಂಗ್ರಹಿಸಿದ ಪ್ರೀಮಿಯಂ 9,520 ಕೋಟಿ ಯೂರೊ.

ಅಂಕಿಗಳು ದೊಡ್ಡವು, ನಿಜ. ಆದರೆ ಜೆನೆರಾಲಿಯ ಚರಿತ್ರೆಯನ್ನು ಗಮನವಿಟ್ಟು ನೋಡಬೇಕಾದದ್ದು ಬೇರೆ ಕಾರಣಕ್ಕೆ. ಬಟ್ಟೆ ಕಂಪನಿ ಬಟ್ಟೆ ಮಾರಿ ಕೈತೊಳೆದುಕೊಳ್ಳಬಹುದು. ವಿಮಾ ಕಂಪನಿ ಮಾರುವುದು ಬರಿಯ ಮಾತನ್ನು. ಇಂದು ಕಂತು ಕಟ್ಟಿಸಿಕೊಂಡು, ಮೂವತ್ತೋ ನಲವತ್ತೋ ವರ್ಷಗಳ ಬಳಿಕ ನಿನ್ನ ಹೆಂಡತಿಗೆ, ಮಕ್ಕಳಿಗೆ ಇಷ್ಟು ಹಣ ಕೊಡುತ್ತೇನೆ ಎಂದು ಅದು ಬರೆದುಕೊಡುತ್ತದೆ. ಆ ಮೂವತ್ತು ವರ್ಷಗಳಲ್ಲಿ ಸಾಮ್ರಾಜ್ಯ ಮುರಿದುಬಿದ್ದರೆ? ಹಣದ ಹೆಸರೇ ಬದಲಾದರೆ? ಕಂತು ಕಟ್ಟಿದವರನ್ನೂ ಅವರ ಮಕ್ಕಳನ್ನೂ ಒಂದು ಸರ್ಕಾರ ಕೊಂದುಹಾಕಿದರೆ? ಇನ್ನೊಂದು ಸರ್ಕಾರ ಬಂದು ಕಂಪನಿಯ ಆಸ್ತಿಯನ್ನೇ ಕಿತ್ತುಕೊಂಡರೆ? ಆಗ ಆ ಸಾಲ ಯಾರ ತಲೆಯ ಮೇಲೆ ಉಳಿಯುತ್ತದೆ? ಇಂಥ ಎಲ್ಲ ಪರೀಕ್ಷೆಗಳನ್ನೂ ಎದುರಿಸಿದ ಕಂಪನಿಗಳಲ್ಲಿ ಜೆನೆರಾಲಿ ಮುಖ್ಯವಾದದ್ದು. ಕೆಲವುಗಳಲ್ಲಿ ಅದು ಗೆದ್ದಿತು. ಒಂದರಲ್ಲಿ, ಅತ್ಯಂತ ಮುಖ್ಯವಾದ ಒಂದರಲ್ಲಿ, ಅರ್ಧ ಶತಮಾನ ಸೋತಿತು.

1719ರಲ್ಲಿ ಚಕ್ರವರ್ತಿ ಆರನೇ ಚಾರ್ಲ್ಸ್ ಟ್ರಿಯೆಸ್ಟೆಯನ್ನು ಸುಂಕಮುಕ್ತ ಬಂದರು ಎಂದು ಸಾರಿದ. ಅಲ್ಲಿಂದ ಊರಿನ ನಸೀಬು ಖುಲಾಯಿಸಿತು. ಯಹೂದಿಗಳು, ಗ್ರೀಕರು, ಸರ್ಬರು, ಅರ್ಮೇನಿಯನ್ನರು, ಜರ್ಮನ್ನರು ಅಂಗಡಿ ತೆರೆದರು. ಮಾತು ಇಟಾಲಿಯನ್, ಆಡಳಿತ ಜರ್ಮನ್, ಸುತ್ತಲ ಹಳ್ಳಿಗಳು ಸ್ಲಾವಿಕ್. ಹಡಗು ಹೊರಟರೆ ಮರಳಿ ಬರುವುದು ಖಾತ್ರಿಯಿಲ್ಲದ ಕಾಲದಲ್ಲಿ ಇಂಥ ಊರಿಗೆ ವಿಮೆ ಬೇಕೇ ಬೇಕು. ಗೊರಿಜಿಯಾದ ಯಹೂದಿ ಮನೆತನದ ಜುಸೆಪ್ಪೆ ಲಾಜರೊ ಮೊರ್ಪುರ್ಗೊ ಎಂಬ ವ್ಯಾಪಾರಿ ನಾಲ್ಕಾರು ಸಮುದಾಯಗಳ ವರ್ತಕರನ್ನು ಒಟ್ಟುಗೂಡಿಸಿ, 20 ಲಕ್ಷ ಫ್ಲೋರಿನ್ ಬಂಡವಾಳದಲ್ಲಿ ಹೊಸ ಕಂಪನಿ ಕಟ್ಟಿದ. ಹಡಗಿನ ಸರಕಿಗೆ ಮಾತ್ರವಲ್ಲ, ಬೆಂಕಿಗೆ, ಆಲಿಕಲ್ಲಿಗೆ, ಮನುಷ್ಯನ ಜೀವಕ್ಕೆ, ಎಲ್ಲಕ್ಕೂ ಒಂದೇ ಸೂರಿನಡಿ ವಿಮೆ ಕೊಡುವ ಯೋಚನೆ ಅದರದು. ಏಳು ವರ್ಷಗಳ ನಂತರ, 1838ರಲ್ಲಿ, ಅದೇ ಊರಿನಲ್ಲಿ ರಿಯುನಿಯೋನೆ ಆದ್ರಿಯಾತಿಕಾ ಎಂಬ ಎದುರಾಳಿ ಕಂಪನಿಯೂ ಹುಟ್ಟಿತು. ಎರಡೂ ಒಂದನ್ನೊಂದು ಬೆನ್ನಟ್ಟುತ್ತಲೇ ಬೆಳೆದವು. ಆ ಎರಡನೆಯದು ಇಂದು ಜರ್ಮನಿಯ ಆಲಿಯಾನ್ಸ್ ಸಮೂಹದೊಳಗೆ ಕರಗಿಹೋಗಿದೆ.

ಟ್ರಿಯೆಸ್ಟೆಯ ಕಚೇರಿ ಸಾಮ್ರಾಜ್ಯವನ್ನು ನೋಡಿಕೊಂಡರೆ, ಇಟಲಿಯ ಕಡೆಯ ವ್ಯವಹಾರಕ್ಕೆಂದು ವೆನಿಸ್‌ನಲ್ಲಿ 1832ರಲ್ಲೇ ಇನ್ನೊಂದು ಕಚೇರಿ ತೆರೆಯಿತು. ಸೇಂಟ್ ಮಾರ್ಕ್ಸ್ ಚೌಕದ ಉದ್ದಕ್ಕೂ ಚಾಚಿಕೊಂಡಿರುವ ಪ್ರೊಕುರಾತಿಯೆ ವೆಕ್ಕಿಯೆ ಎಂಬ ಕಮಾನು ಸಾಲಿನ ಕಟ್ಟಡ ಅದಕ್ಕೆ ನೆಲೆಯಾಯಿತು. 1848ರಲ್ಲಿ ಯುರೋಪಿನ ತುಂಬ ಕ್ರಾಂತಿಯ ಗಾಳಿ ಬೀಸಿದಾಗ ವೆನಿಸ್ ಕೂಡ ಆಸ್ಟ್ರಿಯಾದ ವಿರುದ್ಧ ಎದ್ದು ಗಣರಾಜ್ಯವೆಂದು ಘೋಷಿಸಿಕೊಂಡಿತು. ಅದರ ನಾಯಕ ಡೇನಿಯೆಲೆ ಮಾನಿನ್‌ನ ಮಂತ್ರಿಮಂಡಲದಲ್ಲಿ ಜೆನೆರಾಲಿಯ ವೆನಿಸ್ ಕಚೇರಿಯ ಲಿಯೋನೆ ಪಿಂಕೆರ್ಲೆ ಮಂತ್ರಿಯಾಗಿದ್ದ. ಬಂಡಾಯವನ್ನು ಆಸ್ಟ್ರಿಯಾ ಮರುವರ್ಷವೇ ಹತ್ತಿಕ್ಕಿತು. ಕಂಪನಿಯ ಕಾಗದಗಳ ಮೇಲಿದ್ದ ಆಸ್ಟ್ರಿಯಾದ ಎರಡು ತಲೆಯ ಹದ್ದು ಮಾತ್ರ ಮರೆಯಾಗಿ, ಆ ಜಾಗಕ್ಕೆ ವೆನಿಸ್‌ನ ರೆಕ್ಕೆಯ ಸಿಂಹ ಬಂದಿತು. ಈಗಲೂ ಅದೇ ಲಾಂಛನ. ಇಟಲಿಯ ಪತ್ರಿಕೆಗಳು ಇಂದಿಗೂ ಕಂಪನಿಯನ್ನು ‘ಟ್ರಿಯೆಸ್ಟೆಯ ಸಿಂಹ’ ಎಂದೇ ಬರೆಯುತ್ತವೆ.

ವಿಮಾ ಕಂಪನಿಯ ಬಳಿ ಹಣ ಮೊದಲು ಬರುತ್ತದೆ, ಕೊಡುವ ಪ್ರಸಂಗ ಆಮೇಲೆ. ನಡುವಿನ ಅವಧಿಯಲ್ಲಿ ಆ ಹಣ ಎಲ್ಲಿರುತ್ತದೆ ಎಂಬುದೇ ಈ ವ್ಯವಹಾರದ ಜೀವಾಳ. 1851ರಲ್ಲಿ ಜೆನೆರಾಲಿ ಮಾಡಿದ ಒಂದು ಖರೀದಿ ಇದನ್ನು ತಿಳಿಯಲು ಒಳ್ಳೆಯ ಉದಾಹರಣೆ. ವೆನಿಸ್‌ನಿಂದ ಪೂರ್ವಕ್ಕೆ, ಕಾವೊರ್ಲೆ ಎಂಬ ಊರಿನ ಬಳಿ, ಸಮುದ್ರದ ಮಟ್ಟಕ್ಕಿಂತ ತಗ್ಗಿನಲ್ಲಿದ್ದ ಜೌಗು ಭೂಮಿ. ಮಲೇರಿಯಾದ ತವರು. ಯಾರೂ ಮೂಸಿ ನೋಡದ ಆ ಸುಮಾರು 1,700 ಹೆಕ್ಟೇರ್ ಕಾ ಕೊರ್ನಿಯಾನಿ ಎಸ್ಟೇಟನ್ನು ಕಂಪನಿ ಕೊಂಡುಕೊಂಡಿತು. ದಶಕಗಳ ಕಾಲ ಕಾಲುವೆ ತೋಡಿ, ಒಡ್ಡು ಕಟ್ಟಿ, ಪಂಪು ಹಚ್ಚಿ ನೀರು ಹೊರಹಾಕಿದರು. ಭೂಮಿ ಒಣಗಿತು, ಗೋಧಿ ಬೆಳೆಯಿತು, ದ್ರಾಕ್ಷಿ ಬಳ್ಳಿ ಹಬ್ಬಿತು, ಕೂಲಿಕಾರರ ಮನೆ, ಶಾಲೆ, ಚರ್ಚು ಎದ್ದವು. ಇಂದು ಕಂಪನಿಯ ಕೃಷಿ ಅಂಗಸಂಸ್ಥೆ ಜೆನಗ್ರಿಕೊಲಾ ಇಟಲಿಯ ಬಹುದೊಡ್ಡ ಹಿಡುವಳಿದಾರರಲ್ಲಿ ಒಂದು. ಆಲಿಕಲ್ಲು ಬಿದ್ದು ಬೆಳೆ ಹೋದ ರೈತನಿಗೆ ಪರಿಹಾರ ಕೊಡುವ ಕಂಪನಿಯೇ ಸ್ವತಃ ಬೇಸಾಯಕ್ಕೆ ಇಳಿದದ್ದು ಆಗಿನ ಕಾಲಕ್ಕೆ ಅಪರೂಪದ ಧೈರ್ಯ.

ಇನ್ನುಳಿದ ಹಣದ ದೊಡ್ಡ ಪಾಲು ಕಟ್ಟಡಗಳಿಗೆ ಹೋಯಿತು. 1870ರ ದಶಕದ ಕೊನೆಯಿಂದ ಕಂಪನಿಯ ಚುಕ್ಕಾಣಿ ಹಿಡಿದಿದ್ದ ಮಾರ್ಕೊ ಬೆಸ್ಸೊನ ಕಾಲದಲ್ಲಿ ಜೆನೆರಾಲಿ ಒಂದೊಂದು ರಾಜಧಾನಿಯ ಅತಿ ಮುಖ್ಯ ಚೌಕದಲ್ಲಿ ಜಾಗ ಹಿಡಿಯತೊಡಗಿತು. ಪ್ರಾಗ್‌ನ ವೆನ್ಸೆಸ್ಲಾಸ್ ಚೌಕ, ರೋಮ್‌ನ ಪಿಯಾತ್ಸಾ ವೆನೆಜಿಯಾ, ಮುಂದೆ 1930ರ ದಶಕದಲ್ಲಿ ಜೆರುಸಲೇಮ್‌ನ ಜಾಫಾ ರಸ್ತೆ: ಎಲ್ಲೆಡೆ ಕಲ್ಲಿನ ಭವ್ಯ ಮಾಳಿಗೆ, ಅದರ ನೆತ್ತಿಯ ಮೇಲೆ ರೆಕ್ಕೆಯ ಸಿಂಹ. ಬಾಡಿಗೆ ಬರುತ್ತಿತ್ತು ಎಂಬುದು ಒಂದು ಲಾಭ. ಅದಕ್ಕಿಂತ ಮುಖ್ಯವಾದದ್ದು, ಆ ಸಿಂಹವನ್ನು ನೋಡಿದ ಅಂಗಡಿಕಾರನಿಗೆ, ಗುಮಾಸ್ತನಿಗೆ, ವಕೀಲನಿಗೆ ‘ಈ ಕಂಪನಿ ಎಲ್ಲಿಗೂ ಓಡಿಹೋಗುವುದಿಲ್ಲ’ ಎಂದು ಅನ್ನಿಸುತ್ತಿತ್ತು. ಏಜೆಂಟ ಮನೆಗೆ ಬಂದಾಗ ಹೇಳಬೇಕಾದ ಮಾತಿನಲ್ಲಿ ಅರ್ಧವನ್ನು ಕಟ್ಟಡವೇ ಹೇಳಿ ಮುಗಿಸಿರುತ್ತಿತ್ತು.

ವೆನ್ಸೆಸ್ಲಾಸ್ ಚೌಕದ ಆ ಕಟ್ಟಡದೊಳಕ್ಕೆ 1907ರ ಅಕ್ಟೋಬರಿನಲ್ಲಿ ಇಪ್ಪತ್ನಾಲ್ಕು ವರ್ಷದ ಕಾನೂನು ಪದವೀಧರನೊಬ್ಬ ನೌಕರಿಗೆ ಸೇರಿದ. ಹೆಸರು ಫ್ರಾಂಜ್ ಕಾಫ್ಕ. ತಿಂಗಳ ಸಂಬಳ 80 ಕ್ರೌನ್, ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ದುಡಿತ, ಹೆಚ್ಚುವರಿ ಕೆಲಸಕ್ಕೆ ಕಾಸಿಲ್ಲ. ಮುಂದೊಂದು ದಿನ ಕಂಪನಿ ತನ್ನನ್ನು ದೂರದ ದೇಶಗಳಿಗೆ ಕಳಿಸೀತು ಎಂಬ ಆಸೆಯಿಂದ, ಮೊದಲು ಟ್ರಿಯೆಸ್ಟೆಗೆ ಹೋಗಲು ಬೇಕಾದೀತೆಂದು ಇಟಾಲಿಯನ್ ಕಲಿಯುತ್ತಿದ್ದ. ಬರೆಯಲು ಹೊತ್ತೇ ಸಿಗದೆ 1908ರ ಜುಲೈಯಲ್ಲಿ ಕೆಲಸ ಬಿಟ್ಟು, ಮಧ್ಯಾಹ್ನ ಎರಡಕ್ಕೆ ಬಿಡುಗಡೆಯಾಗುವ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಗೆ ಹೋದ. ಅದೇ ಕಾಲಕ್ಕೆ ಟ್ರಿಯೆಸ್ಟೆಯ ಕೇಂದ್ರ ಕಚೇರಿಯಲ್ಲಿ ಪ್ರಾಗ್ ಮೂಲದ ಇನ್ನೊಬ್ಬ ಕಾದಂಬರಿಕಾರ ಲಿಯೊ ಪೆರುಟ್ಸ್ ಮರಣದ ಸಂಭವನೀಯತೆ ಲೆಕ್ಕಹಾಕುವ ಗಣಿತಜ್ಞನಾಗಿ ಕುಳಿತಿದ್ದ. ಒಂದು ವಿಮಾ ಕಂಪನಿಯ ಹಾಜರಿ ಪುಸ್ತಕದಲ್ಲಿ ಒಂದೇ ಅವಧಿಯಲ್ಲಿ ಇಂಥ ಇಬ್ಬರ ಹೆಸರು ಇದ್ದದ್ದು ಆ ಸಾಮ್ರಾಜ್ಯದ ಬೌದ್ಧಿಕ ಬದುಕು ಎಷ್ಟು ಹೆಣೆದುಕೊಂಡಿತ್ತು ಎಂಬುದಕ್ಕೆ ಸಾಕ್ಷಿ.

1918ರಲ್ಲಿ ಆ ಸಾಮ್ರಾಜ್ಯ ಚೂರುಚೂರಾಯಿತು. ನಿನ್ನೆಯವರೆಗೆ ಒಂದೇ ದೇಶವಾಗಿದ್ದದ್ದು ಚೆಕೊಸ್ಲೊವಾಕಿಯಾ, ಹಂಗೆರಿ, ಪೋಲೆಂಡ್, ರೊಮೇನಿಯಾ, ಯುಗೊಸ್ಲಾವಿಯಾ, ಆಸ್ಟ್ರಿಯಾ ಎಂದು ಹಂಚಿಹೋಯಿತು. ಕ್ರೌನ್‌ನಲ್ಲಿ ಬರೆದ ಹಳೆಯ ಪಾಲಿಸಿಗಳ ಬೆಲೆಯನ್ನು ಹಣದುಬ್ಬರ ನುಂಗಿತು. ಆದ್ದರಿಂದಲೇ ಎರಡು ಯುದ್ಧಗಳ ನಡುವೆ ಪೂರ್ವ ಯುರೋಪಿನ ಮಧ್ಯಮ ವರ್ಗ, ಅದರಲ್ಲೂ ಯಹೂದಿ ಕುಟುಂಬಗಳು, ಅಮೆರಿಕದ ಡಾಲರ್ ಲೆಕ್ಕದ ಪಾಲಿಸಿಗಳನ್ನು ಅರಸಿಕೊಂಡು ಹೋದವು. ಸ್ಥಳೀಯ ಸರ್ಕಾರದ ಮೇಲೆ, ಸ್ಥಳೀಯ ನಾಣ್ಯದ ಮೇಲೆ ನಂಬಿಕೆ ಹೋದವರಿಗೆ ಟ್ರಿಯೆಸ್ಟೆಯ ಕಂಪನಿ ಗಟ್ಟಿ ನೆಲವಾಗಿ ಕಂಡಿತು. ಮಗಳ ಮದುವೆಗೆ, ಮಗನ ಓದಿಗೆ ಎಂದು ಇಟ್ಟ ಗಂಟು ಅದು. ಯಹೂದಿ ವರ್ತಕನ ಮುಂದಾಳತ್ವದಲ್ಲಿ ಹುಟ್ಟಿದ, ಯಹೂದಿಗಳೂ ಉನ್ನತ ಹುದ್ದೆಗಳಲ್ಲಿದ್ದ ಕಂಪನಿ ಎಂಬ ಆಪ್ತತೆಯೂ ಸೇರಿತ್ತು.

1938ರ ಸೆಪ್ಟೆಂಬರ್ 18ರಂದು ಮುಸೊಲಿನಿ ಇಟಲಿಯ ಜನಾಂಗೀಯ ಕಾಯ್ದೆಗಳ ಸುದ್ದಿಯನ್ನು ಸಾರ್ವಜನಿಕವಾಗಿ ಸಾರಿದ್ದು ಟ್ರಿಯೆಸ್ಟೆಯ ದೊಡ್ಡ ಚೌಕದಲ್ಲಿಯೇ. ಕಂಪನಿಯ ಅಧ್ಯಕ್ಷ ಎಡ್ಗಾರ್ಡೊ ಮೊರ್ಪುರ್ಗೊ ಫ್ಯಾಸಿಸ್ಟ್ ಪಕ್ಷದ ಜೊತೆ ಚೆನ್ನಾಗಿಯೇ ಇದ್ದವನು. ಅದು ಅವನನ್ನು ಕಾಪಾಡಲಿಲ್ಲ. ಹುದ್ದೆ ಬಿಟ್ಟು ಅರ್ಜೆಂಟೀನಾಕ್ಕೆ ಹೋಗಬೇಕಾಯಿತು. ಅವನ ಕುರ್ಚಿಗೆ ಬಂದವನು ಮುಸೊಲಿನಿಯ ಹಣಕಾಸು ಮಂತ್ರಿಯಾಗಿದ್ದ ಜುಸೆಪ್ಪೆ ವೋಲ್ಪಿ. ಯಹೂದಿ ನೌಕರರು ಕೆಲಸ ಕಳೆದುಕೊಂಡರು. 1943ರ ನಂತರ ನಾತ್ಸಿಗಳು ಟ್ರಿಯೆಸ್ಟೆಯ ಹಳೆಯ ಅಕ್ಕಿ ಗಿರಣಿಯೊಂದರಲ್ಲಿ, ರಿಸಿಯೆರಾ ದಿ ಸಾನ್ ಸಾಬಾ ಎಂಬಲ್ಲಿ, ಹೆಣ ಸುಡುವ ಕುಲುಮೆ ಇದ್ದ ಶಿಬಿರವನ್ನೇ ತೆರೆದರು. ಜೆನೆರಾಲಿ ಹುಟ್ಟಿ ಬೆಳೆದ ಊರಿನೊಳಗೇ ಅದು ನಡೆಯಿತು.

ಇತ್ತ ಪಾಲಿಸಿಗಳಿಗೆ ಏನಾಯಿತು? ಜರ್ಮನಿಯ ಹಿಡಿತದ ಪ್ರದೇಶಗಳಲ್ಲಿ ಅದೊಂದು ಕ್ರಮಬದ್ಧ ಲೂಟಿ. ಹೊಟ್ಟೆಪಾಡಿಗೆ, ವಲಸೆಯ ತೆರಿಗೆಗೆ ಎಂದು ಜನ ಪಾಲಿಸಿಯನ್ನು ಅವಧಿಗೆ ಮುಂಚೆಯೇ ಮುರಿದುಕೊಂಡರು. ಬಂದ ಹಣ ಅವರ ಕೈಗೆ ಬಾರದೆ, ತೆಗೆಯಲಾಗದಂತೆ ಬೀಗ ಹಾಕಿದ ಖಾತೆಗೆ ಹೋಯಿತು. 1941ರ ನವೆಂಬರ್ 25ರ ಆದೇಶದ ಪ್ರಕಾರ, ಗಡೀಪಾರಾದ ಯಹೂದಿಯ ಆಸ್ತಿಯೆಲ್ಲ ಜರ್ಮನ್ ಸರ್ಕಾರದ್ದು. ವಿಮಾ ಕಂಪನಿಗಳು ಅಂಥವರ ಪಾಲಿಸಿಗಳನ್ನು ಹುಡುಕಿ ವರದಿ ಮಾಡಬೇಕಿತ್ತು. ಪೋಲೆಂಡ್, ಹಂಗೆರಿ, ಚೆಕೊಸ್ಲೊವಾಕಿಯಾದ ಎಷ್ಟೋ ಪಾಲಿಸಿಗಳ ವಿಷಯದಲ್ಲಿ ಇಷ್ಟೂ ಕಾಗದಪತ್ರ ನಡೆಯಲಿಲ್ಲ. ಕಂತು ಕಟ್ಟುತ್ತಿದ್ದ ಮನೆಯೇ ಇಲ್ಲವಾಯಿತು.

ಯುದ್ಧ ಮುಗಿದ ಮೇಲೆ ಬದುಕುಳಿದ ಮಕ್ಕಳು ಕೇಳಲು ಬಂದರು. ಕೆಲವರ ಬಳಿ ಪಾಲಿಸಿಯ ಹಾಳೆ ಇತ್ತು. ಹೆಚ್ಚಿನವರ ಬಳಿ ಇದ್ದದ್ದು ಅಪ್ಪ ಏಜೆಂಟನಿಗೆ ಹಣ ಎಣಿಸಿ ಕೊಡುತ್ತಿದ್ದ ನೆನಪು ಮಾತ್ರ. ಯುರೋಪಿನ ಹಲವು ವಿಮಾ ಕಂಪನಿಗಳು, ಬ್ಯಾಂಕುಗಳು ಅವರಿಂದ ಮೂಲ ಪಾಲಿಸಿಯನ್ನೂ ಮರಣ ಪ್ರಮಾಣಪತ್ರವನ್ನೂ ಕೇಳಿದವು. ನಾತ್ಸಿಗಳ ಆಶ್‌ವಿಟ್ಜ್ ಹತ್ಯಾ ಶಿಬಿರದ ಅನಿಲ ಕೋಣೆಗಳಲ್ಲಿ ಸತ್ತವರಿಗೆ ಯಾರೂ ಮರಣ ಪ್ರಮಾಣಪತ್ರ ಬರೆದುಕೊಡುತ್ತಿರಲಿಲ್ಲ. ಜೆನೆರಾಲಿಯ ಉತ್ತರದಲ್ಲಿ ಇನ್ನೊಂದು ವಾದವೂ ಇತ್ತು. 1945ರ ಅಕ್ಟೋಬರ್‌ನಲ್ಲಿ ಚೆಕೊಸ್ಲೊವಾಕಿಯಾ ವಿಮಾ ಕಂಪನಿಗಳನ್ನು ರಾಷ್ಟ್ರೀಕರಿಸಿತು. ಮುಂದಿನ ಕೆಲವೇ ವರ್ಷಗಳಲ್ಲಿ ಪೋಲೆಂಡ್, ಹಂಗೆರಿ, ರೊಮೇನಿಯಾ, ಯುಗೊಸ್ಲಾವಿಯಾದಲ್ಲೂ ಖಾಸಗಿ ವಿಮೆ ಇಲ್ಲವಾಯಿತು. ಆ ದೇಶಗಳ ಪಾಲಿಸಿಗಳಿಗೆಂದು ಮೀಸಲಿಟ್ಟಿದ್ದ ಹಣವನ್ನೂ ಕಟ್ಟಡಗಳನ್ನೂ ಆ ಸರ್ಕಾರಗಳು ತೆಗೆದುಕೊಂಡವು, ಆದ್ದರಿಂದ ಬಾಕಿಯನ್ನೂ ಅವೇ ತೀರಿಸಬೇಕು ಎಂಬುದು ಕಂಪನಿಯ ನಿಲುವು.

ಈ ವಾದವನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಕಂಪನಿ ನಿಜಕ್ಕೂ ದೊಡ್ಡ ಆಸ್ತಿಯನ್ನು ಕಳೆದುಕೊಂಡಿತ್ತು, ಬದಲಿಗೆ ಅದಕ್ಕೆ ದಕ್ಕಿದ್ದು ಅಲ್ಪ. ಆದರೂ ವಾರಸುದಾರರ ಮಾತಿಗೇ ಹೆಚ್ಚು ತೂಕ. ಪಾಲಿಸಿಯ ಹಾಳೆಯ ಮೇಲಿದ್ದದ್ದು ಟ್ರಿಯೆಸ್ಟೆಯ ಹೆಸರು, ಟ್ರಿಯೆಸ್ಟೆಯ ಸಿಂಹ. ಆ ಮನೆಯವರು ಜೆನೆರಾಲಿಯನ್ನು ಆರಿಸಿಕೊಂಡದ್ದೇ ತಮ್ಮ ದೇಶ ಮುಳುಗಿದರೂ ಈ ಕಂಪನಿ ಉಳಿದೀತು ಎಂದು. ಅದು ಉಳಿಯಿತು ಕೂಡ. ಉಳಿದ ಮೇಲೆ ‘ನಿಮ್ಮ ದೇಶದ ಸರ್ಕಾರವನ್ನು ಕೇಳಿ’ ಎಂದರೆ, ಅವರು ಹಣ ಕೊಟ್ಟು ಕೊಂಡದ್ದು ಏನನ್ನು?

ಇಲ್ಲಿ ಭಾರತದ ಅನುಭವವನ್ನು ಪಕ್ಕದಲ್ಲಿ ಇಟ್ಟು ನೋಡಬಹುದು. 1956ರಲ್ಲಿ ಭಾರತ ಸರ್ಕಾರವೂ ಜೀವವಿಮೆಯನ್ನು ರಾಷ್ಟ್ರೀಕರಿಸಿತು. 154 ಭಾರತೀಯ ಕಂಪನಿಗಳು, 16 ವಿದೇಶಿ ಕಂಪನಿಗಳು, 75 ಪ್ರಾವಿಡೆಂಟ್ ಸೊಸೈಟಿಗಳು ಸೇರಿ ಎಲ್‌ಐಸಿ ಆಯಿತು. ಆಸ್ತಿಯ ಜೊತೆಗೆ ಹಳೆಯ ಪಾಲಿಸಿಗಳ ಹೊಣೆಯನ್ನೂ ನಿಗಮ ಹೊತ್ತುಕೊಂಡಿತು, ಪಾಲಿಸಿಯ ಹಣಕ್ಕೆ ಕೇಂದ್ರ ಸರ್ಕಾರವೇ ಖಾತರಿ ಎಂದು ಕಾಯ್ದೆಯ 37ನೇ ಕಲಮಿನಲ್ಲಿ ಬರೆದರು. ಕರ್ನಾಟಕದ ಸರ್ಕಾರಿ ನೌಕರರಿಗೆ ಇನ್ನೂ ಹತ್ತಿರದ ಉದಾಹರಣೆ ತಿಂಗಳ ಸಂಬಳದ ಚೀಟಿಯಲ್ಲೇ ಇದೆ. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಆರಂಭಿಸಿದ ವಿಮೆ, ಸಂಸ್ಥಾನ ಹೋಗಿ ಮೈಸೂರು ರಾಜ್ಯವಾಗಿ, ಅದು ಕರ್ನಾಟಕವಾದರೂ ಕಂತು ತಪ್ಪದೆ, ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಹೆಸರಿನಲ್ಲಿ ನಡೆದುಬಂದಿದೆ. ಜನ ಕೆಜಿಐಡಿ ಎನ್ನುವುದು ಇದನ್ನೇ. ಆಳುವವರು ಬದಲಾದಾಗ ಹಳೆಯ ಸಾಲದ ಪುಸ್ತಕವನ್ನು ಹೊಸಬರು ಒಪ್ಪಿಕೊಂಡರೆ ಮಾತು ಉಳಿಯುತ್ತದೆ. ಪೂರ್ವ ಯುರೋಪಿನಲ್ಲಿ ಆಗದೆ ಹೋದದ್ದು ಅದು: ಹೊಸ ಸರ್ಕಾರಗಳು ಆಸ್ತಿ ಪಡೆದುವು, ಕಂಪನಿ ಹೊಣೆ ಇಳಿಸಿಕೊಂಡಿತು, ನಡುವೆ ವಾರಸುದಾರ ನಿಂತುಬಿಟ್ಟ.

ಬರ್ಲಿನ್ ಗೋಡೆ ಬಿದ್ದು ಪೂರ್ವದ ದಫ್ತರಗಳ ಬಾಗಿಲು ತೆರೆದ ಮೇಲೆ ಆ ಹಳೆಯ ಪ್ರಶ್ನೆ ಮತ್ತೆ ಎದ್ದಿತು. 1997ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಜೆನೆರಾಲಿಯೂ ಸೇರಿದಂತೆ ಯುರೋಪಿನ ಹಲವು ಕಂಪನಿಗಳ ಮೇಲೆ ಸಾಮೂಹಿಕ ದಾವೆ ಬಿತ್ತು. 1998ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಲಾರೆನ್ಸ್ ಈಗಲ್‌ಬರ್ಗರ್ ಅಧ್ಯಕ್ಷತೆಯಲ್ಲಿ ಅಂತರರಾಷ್ಟ್ರೀಯ ಆಯೋಗ ರಚನೆಯಾಯಿತು. ಜೆನೆರಾಲಿ, ಆಲಿಯಾನ್ಸ್, ಆಕ್ಸಾ, ಜ್ಯೂರಿಕ್, ವಿಂಟರ್‌ಥುರ್ ಅದರೊಳಗೆ ಬಂದವು. ಆಯೋಗ ಸಾಕ್ಷ್ಯದ ನಿಯಮ ಸಡಿಲಿಸಿತು, ಐದು ಲಕ್ಷಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಪ್ರಕಟಿಸಿತು. 2007ರಲ್ಲಿ ಕೆಲಸ ಮುಗಿಸಿದಾಗ 48,000ಕ್ಕೂ ಹೆಚ್ಚು ಮಂದಿಗೆ ಸುಮಾರು 30.6 ಕೋಟಿ ಡಾಲರ್ ಸಂದಿತ್ತು. ಆದರೆ ಅವರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಸಿಕ್ಕಿದ್ದು ದಾಖಲೆ ಇಲ್ಲದ ಕಾರಣ ಮಾನವೀಯ ನೆರವಿನ ಲೆಕ್ಕದಲ್ಲಿ ತಲಾ ಸಾವಿರ ಡಾಲರ್. ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಕಂಪನಿಗಳು ಹಳೆಯ ಪಾಲಿಸಿದಾರರ ಹೆಸರುಗಳನ್ನೆಲ್ಲ ಬಹಿರಂಗಪಡಿಸಬೇಕೆಂದು ಕಾಯ್ದೆ ಮಾಡಿತ್ತು. ವಿದೇಶಾಂಗ ನೀತಿ ಕೇಂದ್ರದ ಕೆಲಸ, ರಾಜ್ಯದ್ದಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2003ರಲ್ಲಿ 5-4 ಬಹುಮತದಿಂದ ಅದನ್ನು ರದ್ದುಮಾಡಿತು. ಪಟ್ಟಿಗಳು ಇನ್ನೂ ಹತ್ತಾರು ವರ್ಷ ಮೊದಲೇ ಹೊರಬಂದಿದ್ದರೆ ಕೇಳುವವರು ಎಷ್ಟೋ ಮಂದಿ ಬದುಕಿರುತ್ತಿದ್ದರು.

ಕಂಪನಿ ಮಾತ್ರ ಈ ನಡುವೆ ಹೊಸದಾಗಿ ಬೆಳೆದಿತ್ತು. ಪೂರ್ವ ಹೋದ ಮೇಲೆ ಅದು ಪಶ್ಚಿಮಕ್ಕೆ, ಲ್ಯಾಟಿನ್ ಅಮೆರಿಕಕ್ಕೆ ತಿರುಗಿತು. 1989ರಲ್ಲಿ, ಗೋಡೆ ಬೀಳುವ ವರ್ಷವೇ, ಹಂಗೆರಿಯ ಸರ್ಕಾರಿ ವಿಮಾ ಸಂಸ್ಥೆಯ ಜೊತೆಗೂಡಿ ಬುಡಾಪೆಸ್ಟ್‌ಗೆ ಮರಳಿತು. 2008ರಲ್ಲಿ ಚೆಕ್ ಉದ್ಯಮಿ ಪೆಟ್ರ್ ಕೆಲ್ನರ್‌ನ ಪಿಪಿಎಫ್ ಸಮೂಹದೊಂದಿಗೆ ಸೇರಿ ಮಧ್ಯ ಯುರೋಪಿನ ದೊಡ್ಡ ವಿಮಾ ಜಾಲ ಕಟ್ಟಿತು, 2015ರ ಹೊತ್ತಿಗೆ ಅದನ್ನು ಪೂರ್ತಿ ತನ್ನದಾಗಿಸಿಕೊಂಡಿತು. ಇತ್ತೀಚಿನ ದೊಡ್ಡ ಖರೀದಿ ಸ್ಪೇನ್, ಪೋರ್ಚುಗಲ್, ಐರ್ಲೆಂಡ್‌ಗಳ ಲಿಬರ್ಟಿ ಸೆಗುರೋಸ್. 230 ಕೋಟಿ ಯೂರೊ ಕೊಟ್ಟು 2024ರ ಜನವರಿಯಲ್ಲಿ ಆ ವ್ಯವಹಾರ ಮುಗಿಸಿತು.

ಐವತ್ತು ದೇಶ ಎಂದರೆ ಐವತ್ತು ಕಡೆಯೂ ಒಂದೇ ಕಂಪನಿ ಎಂದಲ್ಲ. ಹೆಚ್ಚಿನ ದೇಶಗಳಲ್ಲಿ ಅಲ್ಲಿನ ಕಾನೂನಿನಂತೆ ಬೇರೆ ಕಂಪನಿ, ಬೇರೆ ಬಂಡವಾಳ, ಬೇರೆ ಮೀಸಲು ನಿಧಿ. ಸಮೂಹ ಮೇಲಿನಿಂದ ಮರುವಿಮೆ, ಹೂಡಿಕೆ ನೋಡಿಕೊಳ್ಳುತ್ತದೆ. ಅಂದರೆ ಯುದ್ಧಾನಂತರ ಎದ್ದ ಪ್ರಶ್ನೆಗೆ ಇಂದಿನ ಕಾನೂನು ಮೊದಲೇ ಉತ್ತರ ಬರೆದಿಟ್ಟಿದೆ: ಪಾಲಿಸಿ ಯಾವ ದೇಶದ ಕಂಪನಿಯದೋ ಹೊಣೆಯೂ ಅದರದೇ. ಪ್ರವಾಸದಲ್ಲಿ ಕಾಯಿಲೆ ಬಿದ್ದವರನ್ನು ಊರಿಗೆ ತಲುಪಿಸುವ ಯುರೋಪ್ ಅಸಿಸ್ಟೆನ್ಸ್ ಕೂಡ ಇದೇ ಸಮೂಹದ್ದು. ಪಿಯೆರ್ ದೆನೊ ಎಂಬ ಫ್ರೆಂಚ್ ಉದ್ಯಮಿ 1963ರಲ್ಲಿ ಆರಂಭಿಸಿದ ಸಂಸ್ಥೆ ಅದು. ಬರಿಯ ಹಣದ ಚೆಕ್ಕಿನ ಬದಲು ಆಂಬುಲೆನ್ಸ್, ವೈದ್ಯ, ವಿಮಾನವನ್ನೇ ಕಳಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. ಇನ್ನೊಂದೆಡೆ ಆಲಿಕಲ್ಲು, ನೆರೆ, ಬಿರುಗಾಳಿಗಳ ಲೆಕ್ಕ ಏರುತ್ತಿದೆ. 2023ರಲ್ಲಿ ಇಟಲಿಯ ಎಮಿಲಿಯಾ-ರೊಮಾನ್ಯಾ ಪ್ರಾಂತ ನೀರಿನಲ್ಲಿ ಮುಳುಗಿದ ವರ್ಷ, ಪ್ರಕೃತಿ ವಿಕೋಪಕ್ಕೆಂದು ಸಮೂಹಕ್ಕೆ ಬಿದ್ದ ಹೊರೆ ನೂರು ಕೋಟಿ ಯೂರೊ ದಾಟಿತು. ಆ ಬಳಿಕ ಇಟಲಿ ಸರ್ಕಾರ ಉದ್ಯಮಗಳಿಗೆ ವಿಕೋಪ ವಿಮೆಯನ್ನು ಕಡ್ಡಾಯ ಮಾಡಿ, 2025ರಲ್ಲಿ ದೊಡ್ಡವುಗಳಿಂದ ಆರಂಭಿಸಿ ಹಂತಹಂತವಾಗಿ ಜಾರಿಗೆ ತಂದಿತು.

ಜರ್ಮನಿಯಲ್ಲಿ ನಡೆದದ್ದು ಬೇರೆಯೇ ಬಗೆಯದು, ಅದರ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಿಲ್ಲ. 1990ರ ದಶಕದಲ್ಲಿ ಅಲ್ಲಿನ ಜೀವವಿಮಾ ಪಾಲಿಸಿಗಳು ಶೇ 4ರವರೆಗೆ ಖಚಿತ ಆದಾಯದ ಭರವಸೆ ಕೊಡುತ್ತಿದ್ದವು. ಮುಂದೆ ಬಡ್ಡಿದರ ಸೊನ್ನೆಗೆ ಇಳಿದಾಗ ಆ ಭರವಸೆ ಕುತ್ತಿಗೆಗೆ ಬಂತು. ಜೆನೆರಾಲಿ ಅಲ್ಲಿನ ತನ್ನ ಒಂದು ಜೀವವಿಮಾ ಕಂಪನಿಯಲ್ಲಿ ಹೊಸ ಪಾಲಿಸಿ ಮಾರುವುದನ್ನು ನಿಲ್ಲಿಸಿ, ಸುಮಾರು 40 ಲಕ್ಷ ಹಳೆಯ ಪಾಲಿಸಿಗಳಿದ್ದ ಆ ಕಂಪನಿಯ ಶೇ 89.9ರಷ್ಟು ಪಾಲನ್ನು ವಿರಿಡಿಯಮ್ ಎಂಬ ಸಂಸ್ಥೆಗೆ 2019ರಲ್ಲಿ ಮಾರಿತು. ಹಳೆಯ ಪಾಲಿಸಿಗಳನ್ನು ಕೊಂಡು ಕೊನೆಯವರೆಗೆ ನಡೆಸುವುದೇ ವಿರಿಡಿಯಮ್‌ನ ವ್ಯಾಪಾರ. ಕಂಪನಿಯ ಹೆಸರೂ ಬದಲಾಯಿತು. ನಿಯಂತ್ರಕರ ಒಪ್ಪಿಗೆ ಇತ್ತು, ಬರೆದುಕೊಟ್ಟ ಮೊತ್ತ ಬದಲಾಗಲಿಲ್ಲ. ಆದರೆ ಆ 40 ಲಕ್ಷ ಪಾಲಿಸಿಗಳ ಜನರನ್ನು ಯಾರೂ ಒಬ್ಬೊಬ್ಬರಾಗಿ ಕೇಳಲಿಲ್ಲ. ಯುದ್ಧವಿಲ್ಲ, ಕ್ರಾಂತಿಯಿಲ್ಲ, ಶಾಂತಿಕಾಲದಲ್ಲೇ ಸಾಲಗಾರ ಬದಲಾಗಬಹುದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಕಂಪನಿ ಯಾರದು ಎಂಬ ಜಗಳವಂತೂ ಇಟಲಿಯ ಹಣಕಾಸು ಲೋಕದ ನಿತ್ಯದ ಸುದ್ದಿ. 80,000 ಕೋಟಿ ಯೂರೊ ಮೀರಿದ ಹಣ ಈ ಸಮೂಹದ ನಿರ್ವಹಣೆಯಲ್ಲಿದೆ, ಅದರಲ್ಲಿ ಇಟಲಿ ಸರ್ಕಾರದ ಸಾಲಪತ್ರಗಳೂ ದಂಡಿಯಾಗಿವೆ. ಮಿಲಾನ್‌ನ ಮೀಡಿಯೊಬಾಂಕಾ ಎಂಬ ಬ್ಯಾಂಕು ಸುಮಾರು ಶೇ 13ರಷ್ಟು ಷೇರಿನ ಬಲದಿಂದ ದಶಕಗಳ ಕಾಲ ಅಧ್ಯಕ್ಷರನ್ನು ಆರಿಸುತ್ತ ಬಂದಿತ್ತು. ನಿರ್ಮಾಣೋದ್ಯಮಿ ಫ್ರಾಂಚೆಸ್ಕೊ ಗಯೆತಾನೊ ಕಾಲ್ತಜಿರೋನೆ ಮತ್ತು ಕನ್ನಡಕದ ದೊರೆ ಲಿಯೊನಾರ್ಡೊ ದೆಲ್ ವೆಕ್ಕಿಯೊ 2022ರಲ್ಲಿ ಅದಕ್ಕೆ ಸವಾಲೆಸೆದು ಸೋತರು. ದೆಲ್ ವೆಕ್ಕಿಯೊ ಅದೇ ಜೂನ್‌ನಲ್ಲಿ ತೀರಿಕೊಂಡರೂ ಅವರ ಕುಟುಂಬದ ಸಂಸ್ಥೆ ಪಟ್ಟು ಬಿಡಲಿಲ್ಲ. 2025ರಲ್ಲಿ, 1472ರಷ್ಟು ಹಳೆಯ ಮಾಂಟೆ ದೇಯ್ ಪಾಸ್ಕಿ ಬ್ಯಾಂಕು ಮೀಡಿಯೊಬಾಂಕಾವನ್ನೇ ನುಂಗಿತು. ಆಗ ಆ ಬ್ಯಾಂಕಿನ ದೊಡ್ಡ ಷೇರುದಾರರಲ್ಲಿ ಕಾಲ್ತಜಿರೋನೆ ಮತ್ತು ದೆಲ್ ವೆಕ್ಕಿಯೊ ಕುಟುಂಬದ ಬಣಗಳೇ ಇದ್ದವು. ಈ ಹಗ್ಗಜಗ್ಗಾಟದಲ್ಲಿ ಕಂತು ಕಟ್ಟಿದ ಏಳು ಕೋಟಿ ಜನರಿಗೆ ಮತವಿಲ್ಲ.

ಭಾರತಕ್ಕೆ ಜೆನೆರಾಲಿ ಬಂದದ್ದು ಕಿಶೋರ್ ಬಿಯಾನಿಯವರ ಫ್ಯೂಚರ್ ಸಮೂಹದ ಜೊತೆಗೂಡಿ. 2007ರಲ್ಲಿ ಪರವಾನಗಿ ಸಿಕ್ಕಿತು, ಆ ಸಮೂಹದ ಬಿಗ್ ಬಜಾರ್ ಮಳಿಗೆಗಳ ಮೆರುಗಿನ ದಿನಗಳವು. ವಿದೇಶಿ ಬಂಡವಾಳದ ಮಿತಿ ಆಗ ಶೇ 26. 2015ರಲ್ಲಿ ಅದು 49ಕ್ಕೆ, 2021ರಲ್ಲಿ 74ಕ್ಕೆ ಏರಿತು. 2022ರಲ್ಲಿ ಫ್ಯೂಚರ್ ಸಮೂಹ ದಿವಾಳಿಯತ್ತ ಸರಿದಾಗ ಜೆನೆರಾಲಿ ತನ್ನ ಪಾಲನ್ನು ಮಿತಿಯ ಹತ್ತಿರದವರೆಗೆ ಏರಿಸಿಕೊಂಡಿತು. ಉಳಿದ ಕಾಲು ಭಾಗದಷ್ಟು ಪಾಲನ್ನು 2025ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕೊಂಡಿತು. ಫ್ಯೂಚರ್ ಜೆನೆರಾಲಿ ಹೋಗಿ ಜೆನೆರಾಲಿ ಸೆಂಟ್ರಲ್ ಆಯಿತು. ಬಿಗ್ ಬಜಾರ್ ಮುಚ್ಚಿದರೂ ಆ ಕಾಲದ ಪಾಲಿಸಿಗಳು ಊರ್ಜಿತವಾಗಿಯೇ ಇವೆ. ಈಗ ಕಂಪನಿಯ ಹೊಸ ಪಾಲಿಸಿಗಳು ಸರ್ಕಾರಿ ಬ್ಯಾಂಕಿನ ಕೌಂಟರಿನಲ್ಲಿ, ಕರ್ನಾಟಕದ ಶಾಖೆಗಳಲ್ಲೂ, ಮಾರಾಟಕ್ಕಿವೆ. ವಿದೇಶಿ ಪಾಲನ್ನು ಶೇ 100ಕ್ಕೆ ಏರಿಸುವ ನಿರ್ಧಾರವನ್ನು 2025ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ್ದರಿಂದ, ಯುರೋಪಿನ ಇಂಥ ಹಳೆಯ ಕಂಪನಿಗಳ ಹೆಸರು ಇಲ್ಲಿನ ಮನೆಗಳ ಕಪಾಟಿನಲ್ಲಿ ಇನ್ನಷ್ಟು ಕಾಣಿಸಿಕೊಳ್ಳಲಿದೆ.

ಕಪಾಟಿನಲ್ಲಿ ಮರೆತುಹೋದ ಪಾಲಿಸಿಗಳ ವಿಷಯದಲ್ಲಿ ಭಾರತದ ನಿಯಮ ಯುರೋಪಿನ ಆ ಕಾಲಕ್ಕಿಂತ ಮುಂದಿದೆ. ಯಾರೂ ಕೇಳದೆ ಉಳಿದ ಹಣ ಇದೆಯೇ ಎಂದು ಹೆಸರು, ಹುಟ್ಟಿದ ದಿನಾಂಕ, ಪಾಲಿಸಿ ಸಂಖ್ಯೆ ಅಥವಾ ಪ್ಯಾನ್ ಕೊಟ್ಟು ಹುಡುಕುವ ವ್ಯವಸ್ಥೆ ಪ್ರತಿ ವಿಮಾ ಕಂಪನಿಯ ವೆಬ್‌ಸೈಟಿನಲ್ಲೂ ಇರಬೇಕು. ಹತ್ತು ವರ್ಷ ಕಳೆದರೆ ಆ ಹಣ ಕೇಂದ್ರದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಹೋದ ಮೇಲೂ 25 ವರ್ಷಗಳವರೆಗೆ ವಾರಸುದಾರರು ಅದನ್ನು ಕೇಳಿ ಪಡೆಯಬಹುದು. ಕೇಳಬೇಕಾದದ್ದು ಪಾಲಿಸಿ ಕೊಟ್ಟ ಕಂಪನಿಯನ್ನೇ.